ಟಿವಿಯಲ್ಲಿ ಪಾಠ ಬಂತು, ಕೀಬೋರ್ಡ್ ಎಲ್ಲಿತ್ತು? ಕೋವಿಡ್ ಕಾಲದ ಕೇರಳದ ಒಂದು ಪ್ರಕರಣ

2020ರ ಜೂನ್ 1, ಸೋಮವಾರ. ಕೇರಳದಲ್ಲಿ ಆವತ್ತು ಶಾಲೆ ಶುರುವಾಗಬೇಕಿತ್ತು. ಶುರುವೂ ಆಯಿತು, ಆದರೆ ಟಿವಿಯಲ್ಲಿ. ಬೆಳಿಗ್ಗೆ ಎಂಟೂವರೆಗೆ ಕೈಟ್ ವಿಕ್ಟರ್ಸ್ ಎಂಬ ಸರ್ಕಾರಿ ಚಾನೆಲ್‌ನಲ್ಲಿ 'ಫಸ್ಟ್ ಬೆಲ್' ಪಾಠಗಳು ಬಂದವು. ಒಂದೊಂದು ಪಾಠ ಅರ್ಧ ಗಂಟೆ. ಸಂಜೆ ಐದೂವರೆಯವರೆಗೆ ಒಂದರ ಹಿಂದೆ ಒಂದು. ಪ್ಲಸ್ ಒನ್ (ಹನ್ನೊಂದನೇ ತರಗತಿ) ಒಂದನ್ನು ಬಿಟ್ಟು ಒಂದನೇ ತರಗತಿಯಿಂದ ಹನ್ನೆರಡನೆಯವರೆಗೆ ಎಲ್ಲರಿಗೂ ಪಾಠ ಇತ್ತು. ದೇಶದ ಹಲವು ರಾಜ್ಯಗಳು ಇನ್ನೂ ಏನು ಮಾಡೋದು ಅಂತ ಸಭೆ ಮಾಡುತ್ತಿದ್ದ ಹೊತ್ತು ಅದು.

ಫಸ್ಟ್ ಬೆಲ್ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ಹೊಗಳಿಕೆಯೂ ಜಾಸ್ತಿ, ಸ್ವಲ್ಪ ಟೀಕೆಯೂ ಉಂಟು. ನಾನಿಲ್ಲಿ ನೋಡಲು ಹೊರಟಿರುವುದು ಅದರೊಳಗಿನ ಒಂದೇ ಎಳೆಯನ್ನು. ಕೇರಳದ ಹೈಸ್ಕೂಲಿನಲ್ಲಿ ಕಂಪ್ಯೂಟರ್ ಒಂದು ಕಡ್ಡಾಯ ವಿಷಯ. ಶಾಲೆ ಮುಚ್ಚಿತು, ಲ್ಯಾಬಿಗೆ ಬೀಗ ಬಿತ್ತು. ಮನೆಯಲ್ಲಿ ಕಂಪ್ಯೂಟರ್ ಇಲ್ಲದ ಮಗುವಿಗೆ ಆ ವಿಷಯ ಹೇಗೆ ಮುಂದುವರಿಯಿತು? ಗಣಿತ, ಸಮಾಜ, ಭಾಷೆ ಇವನ್ನೆಲ್ಲ ಟಿವಿ ನೋಡಿ ಒಂದು ಮಟ್ಟಿಗೆ ಕಲಿಯಬಹುದು. ಕಂಪ್ಯೂಟರನ್ನು? ರಾತ್ರಿಯಿಡೀ ಯಕ್ಷಗಾನ ನೋಡಿದವನಿಗೆ ಕತೆ ಬರುತ್ತದೆ, ಪದ್ಯ ಬರುತ್ತದೆ. ಹೆಜ್ಜೆ ಬರುವುದಿಲ್ಲ.

ಮೊದಲೇ ಏನಿತ್ತು

ಕೇರಳದಲ್ಲಿ ಇದು ಶೂನ್ಯದಿಂದ ಶುರುವಾದದ್ದಲ್ಲ. 2001ರಲ್ಲಿ ಐಟಿ@ಸ್ಕೂಲ್ ಎಂಬ ಯೋಜನೆ ಬಂತು. ಮುಂದೆ ಅದೇ ಕೈಟ್ ಆಯಿತು, ಶಾಲೆಗಳ ತಂತ್ರಜ್ಞಾನ ನೋಡಿಕೊಳ್ಳುವ ಸರ್ಕಾರದ್ದೇ ಕಂಪನಿ. ವಿಕ್ಟರ್ಸ್ ಚಾನೆಲ್ ಕೂಡ ಹಳೆಯದು. ಎಜುಸ್ಯಾಟ್ ಉಪಗ್ರಹದ ಮೂಲಕ ಹಳ್ಳಿ ಶಾಲೆಗಳಿಗೆ ಪಾಠ ಕಳಿಸಲು 2005ರಲ್ಲಿ ಅಬ್ದುಲ್ ಕಲಾಂ ಉದ್ಘಾಟಿಸಿದ ಚಾನೆಲ್ ಅದು. ಹದಿನೈದು ವರ್ಷ ಅದನ್ನು ನೋಡುವವರು ಕಡಿಮೆಯೇ. ಆದರೆ ಸ್ಟುಡಿಯೋ ಇತ್ತು, ಕ್ಯಾಮೆರಾ ಇತ್ತು, ಪಾಠ ಚಿತ್ರೀಕರಿಸಿ ಗೊತ್ತಿದ್ದ ಜನ ಇದ್ದರು. ಲಾಕ್‌ಡೌನ್ ಬಂದಾಗ ಆ ಹಳೆಯ ಸರಂಜಾಮು ಕೈಗೆ ಸಿಕ್ಕಿತು.

ಇನ್ನೊಂದು ಆಸ್ತಿ ಲ್ಯಾಪ್‌ಟಾಪ್‌ಗಳು. 2018ರಿಂದ ನಡೆದ ಹೈಟೆಕ್ ಶಾಲಾ ಯೋಜನೆಯಲ್ಲಿ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ 1.19 ಲಕ್ಷ ಲ್ಯಾಪ್‌ಟಾಪ್, ಸುಮಾರು 70 ಸಾವಿರ ಪ್ರೊಜೆಕ್ಟರ್, 43 ಇಂಚಿನ 4,545 ಟಿವಿ ಬಂದಿದ್ದವು. ಒಟ್ಟು 16,027 ಶಾಲೆ. ಐದು ವರ್ಷದ ವಾರಂಟಿ, ಜೊತೆಗೆ ವಿಮೆ. ಈ ವಿಮೆ ಎನ್ನುವ ಪದವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೂರನೆಯದು ತಂತ್ರಾಂಶ. ಕೇರಳದ ಸರ್ಕಾರಿ, ಅನುದಾನಿತ ಶಾಲೆಗಳಲ್ಲಿ ವಿಂಡೋಸ್ ಇಲ್ಲ. ಉಬುಂಟು ಆಧಾರದ ಮೇಲೆ ಕೈಟ್ ತಾನೇ ಸಿದ್ಧಪಡಿಸಿದ ಗ್ನೂ/ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆ ಅಲ್ಲಿ ಓಡುತ್ತದೆ. ಪಠ್ಯಪುಸ್ತಕದ ಪಾಠಗಳಿಗೆ ಬೇಕಾದ ಎಲ್ಲ ತಂತ್ರಾಂಶಗಳೂ ಅದರೊಳಗೇ ಇವೆ. ವಿನ್ಯಾಸಕ್ಕೆ ಇಂಕ್‌ಸ್ಕೇಪ್, ಫೋಟೋ ತಿದ್ದಲು ಜಿಂಪ್, ಬರಹಕ್ಕೆ ಲಿಬ್ರೆ ಆಫೀಸ್, ಗಣಿತಕ್ಕೆ ಜಿಯೋಜಿಬ್ರಾ, ಪ್ರೋಗ್ರಾಮ್ ಬರೆಯಲು ಪೈಥಾನ್, ನಕ್ಷೆಗೆ ಕ್ಯೂಜಿಐಎಸ್, ಆನಿಮೇಷನ್‌ಗೆ ಸಿನ್‌ಫಿಗ್. ಲೈಸೆನ್ಸ್ ಹಣ ಉಳಿಯುತ್ತದೆ ಎನ್ನುವುದನ್ನು ಎಲ್ಲರೂ ಹೇಳುತ್ತಾರೆ. ನನಗೆ ಮುಖ್ಯ ಅನಿಸುವುದು ಬೇರೆ. ಶಾಲೆಯಲ್ಲಿದ್ದ ಅದೇ ವ್ಯವಸ್ಥೆಯನ್ನು ಯಾರ ಅಪ್ಪಣೆಯೂ ಇಲ್ಲದೆ ಒಂದು ಪೆನ್‌ಡ್ರೈವ್‌ಗೆ ಹಾಕಿಕೊಂಡು, ಮಾವನ ಮನೆಯ ಮೂಲೆಯಲ್ಲಿ ಬಿದ್ದ ಹಳೇ ಕಂಪ್ಯೂಟರಿಗೆ ಹಾಕಬಹುದು. ಕಳ್ಳ ಪ್ರತಿಯೂ ಅಲ್ಲ, ಖರ್ಚೂ ಇಲ್ಲ. ಶಾಲೆ ಮುಚ್ಚಿದಾಗ ಈ ಸ್ವಾತಂತ್ರ್ಯದ ಬೆಲೆ ಏನು ಅಂತ ಗೊತ್ತಾಗುತ್ತದೆ. ಆದರೆ ಹಾಕಲು ಹಳೇ ಕಂಪ್ಯೂಟರಾದರೂ ಬೇಕಲ್ವಾ?

ಇಲ್ಲಿ ಒಂದು ಲೆಕ್ಕ ನೋಡೋಣ. ಕೋವಿಡ್‌ಗೆ ಮುಂಚೆ, 2017-18ರಲ್ಲಿ, ಕೇಂದ್ರ ಸರ್ಕಾರ ಮಾಡಿದ 75ನೇ ಸುತ್ತಿನ ರಾಷ್ಟ್ರೀಯ ಮಾದರಿ ಸಮೀಕ್ಷೆ ಉಂಟು. ಅದರ ಪ್ರಕಾರ ಕೇರಳದ ಹಳ್ಳಿಗಳಲ್ಲಿ ನೂರು ಮನೆಗಳ ಪೈಕಿ 20 ಮನೆಗಳಲ್ಲಿ ಕಂಪ್ಯೂಟರ್ ಇತ್ತು, 47ರಲ್ಲಿ ಇಂಟರ್‌ನೆಟ್ ಇತ್ತು. ಕರ್ನಾಟಕದ ಹಳ್ಳಿಗಳಲ್ಲಿ? ನೂರಕ್ಕೆ 2 ಮನೆಗಳಲ್ಲಿ ಕಂಪ್ಯೂಟರ್, 8ರಲ್ಲಿ ಇಂಟರ್‌ನೆಟ್. ನಮಗೆ ಹೋಲಿಸಿದರೆ ಕೇರಳ ಎಲ್ಲೋ ಮುಂದಿದೆ. ಹಾಗಿದ್ದೂ ಅಲ್ಲಿನ ಐದು ಹಳ್ಳಿ ಮನೆಗಳಲ್ಲಿ ನಾಲ್ಕರಲ್ಲಿ ಕಂಪ್ಯೂಟರ್ ಇರಲಿಲ್ಲ.

ಮೊದಲ ದಿನವೇ ಬಿದ್ದ ಏಟು

ಪಾಠ ಶುರುವಾಗುವ ಮುಂಚೆಯೇ ಸಮಗ್ರ ಶಿಕ್ಷಾ ಕೇರಳ ಎಂಬ ಶಾಲಾ ಶಿಕ್ಷಣ ಯೋಜನೆಯವರು ಲೆಕ್ಕ ತೆಗೆದಿದ್ದರು. ಮನೆಯಲ್ಲಿ ಟಿವಿಯೂ ಇಲ್ಲದ, ಇಂಟರ್‌ನೆಟ್ ಇರುವ ಫೋನೂ ಇಲ್ಲದ ಮಕ್ಕಳು ಸುಮಾರು 2.6 ಲಕ್ಷ. ಇವರಿಗೆ ವ್ಯವಸ್ಥೆ ಮಾಡುವ ಮಾತು ನಡೆಯುತ್ತಿತ್ತು. ಅಷ್ಟರಲ್ಲಿ ಮೊದಲ ದಿನವೇ ಮಲಪ್ಪುರಂ ಜಿಲ್ಲೆಯಲ್ಲಿ ಒಂಬತ್ತನೇ ತರಗತಿಗೆ ಬಂದಿದ್ದ ದಲಿತ ಹುಡುಗಿಯೊಬ್ಬಳು ಜೀವ ಕಳೆದುಕೊಂಡಳು. ಮನೆಯ ಟಿವಿ ಕೆಟ್ಟಿತ್ತು. ಅಪ್ಪ ಕೂಲಿ ಕೆಲಸದವರು, ಲಾಕ್‌ಡೌನ್‌ನಲ್ಲಿ ಕೆಲಸವಿಲ್ಲ, ರಿಪೇರಿಗೆ ದುಡ್ಡಿಲ್ಲ. ಪಾಠ ತಪ್ಪಿಹೋಗುತ್ತದೆ ಎಂಬ ಚಿಂತೆ ಅವಳಿಗಿತ್ತು ಅಂತ ಮನೆಯವರು ಹೇಳಿದರು.

ಆಮೇಲೆ ಎಲ್ಲವೂ ಬೇಗ ನಡೆಯಿತು. ಮೊದಲ ವಾರವನ್ನು ಪ್ರಯೋಗ ಎಂದು ಕರೆದು, ಅದೇ ಪಾಠಗಳನ್ನು ಮತ್ತೆ ಹಾಕಿದರು. ಹೊಸ ಪಾಠಗಳು ಬಂದದ್ದು ಜೂನ್ 15ರಿಂದ. ಯುವಜನ ಸಂಘಟನೆಗಳು ಟಿವಿ ಸಂಗ್ರಹಕ್ಕೆ ಇಳಿದವು. ಊರಿನ ಗ್ರಂಥಾಲಯ, ಅಂಗನವಾಡಿ, ಸಮುದಾಯ ಭವನಗಳಲ್ಲಿ ಕಲಿಕಾ ಕೇಂದ್ರಗಳು ಎದ್ದವು. ಅವಕ್ಕೆ ಬೇಕಾದ ಟಿವಿಯ ಖರ್ಚಿನಲ್ಲಿ ಮುಕ್ಕಾಲು ಪಾಲನ್ನು ಸರ್ಕಾರದ ಚಿಟ್ ಫಂಡ್ ಸಂಸ್ಥೆಯಾದ ಕೆಎಸ್‌ಎಫ್‌ಇ ಹೊತ್ತುಕೊಂಡಿತು. ವಯನಾಡಿನ ಆದಿವಾಸಿ ಹಾಡಿಗಳಲ್ಲಿ 'ಗೋತ್ರಬಂಧು' ಯೋಜನೆಯ ಮೆಂಟರ್ ಟೀಚರುಗಳು ಮೊದಲೇ ಇದ್ದರು. ಅದೇ ಸಮುದಾಯದಿಂದ ಬಂದವರು, ಮಕ್ಕಳ ಮನೆಮಾತು ಗೊತ್ತಿದ್ದವರು. ಪಣಿಯ ಮಗುವಿಗೋ ಕಾಟುನಾಯ್ಕ ಮಗುವಿಗೋ ಟಿವಿಯ ಮಲಯಾಳಂ ಅಷ್ಟು ಸುಲಭವಲ್ಲ. ಕಾಟುನಾಯ್ಕರ ಮಾತು ನಮ್ಮ ಕನ್ನಡಕ್ಕೇ ಹತ್ತಿರದ್ದು. ಪಾಠ ಮುಗಿದ ಮೇಲೆ ಪಕ್ಕದಲ್ಲಿ ಕೂತು ತಿಳಿಸಿ ಹೇಳುವ ಒಬ್ಬರು ಇಲ್ಲದಿದ್ದರೆ ಆ ಟಿವಿ ಇದ್ದೂ ಅಷ್ಟಕ್ಕಷ್ಟೇ.

ಬೀಗ ತೆಗೆದದ್ದು

ಇದೇ ಜೂನ್‌ನಲ್ಲಿ ಇನ್ನೊಂದು ತೀರ್ಮಾನ ಬಂತು. ಸುದ್ದಿಯಲ್ಲಿ ಅದಕ್ಕೆ ಎರಡು ಸಾಲೂ ಸಿಗಲಿಲ್ಲ. ಈ ಪ್ರಕರಣದ ಜೀವ ಇರುವುದು ಅಲ್ಲೇ ಅಂತ ನನ್ನ ಅನಿಸಿಕೆ. ಶಾಲೆಗಳಲ್ಲಿ ಬೀಗ ಹಾಕಿಟ್ಟ ಹೈಟೆಕ್ ಲ್ಯಾಪ್‌ಟಾಪ್, ಪ್ರೊಜೆಕ್ಟರ್, ಟಿವಿಗಳನ್ನು ಸೌಲಭ್ಯವಿಲ್ಲದ ಕಡೆಗೆ ಸಾಗಿಸಿ ಬಳಸಬಹುದು ಎಂಬ ಅನುಮತಿ ಅದು.

ಸರ್ಕಾರಿ ಶಾಲೆಯ ಒಳಗಿನ ಬದುಕು ಗೊತ್ತಿದ್ದವರಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ಬೇರೆ ಹೇಳಬೇಕಿಲ್ಲ. ಲ್ಯಾಪ್‌ಟಾಪ್ ಮೊದಲು ಇರುವುದು ಸ್ಟಾಕ್ ರಿಜಿಸ್ಟರಿನಲ್ಲಿ, ಆಮೇಲೆ ಮೇಜಿನ ಮೇಲೆ. ಅದು ಕಳೆದರೆ, ಬಿದ್ದರೆ, ಮಳೆಗೆ ನೆನೆದರೆ ಹೆಡ್‌ಮಾಸ್ಟರ ತಲೆಗೇ ಬರುತ್ತದೆ. ನಿವೃತ್ತಿಯ ಹೊತ್ತಿಗೆ ಒಂದು ಮೌಸ್ ಕಡಿಮೆ ಬಿದ್ದರೂ ಪತ್ರ ವ್ಯವಹಾರ. ಹಾಗಾಗಿ ಬುದ್ಧಿವಂತ ಹೆಡ್‌ಮಾಸ್ಟರು ಏನು ಮಾಡುತ್ತಾರೆ? ಬೀಗ ಹಾಕುತ್ತಾರೆ. ಅವರನ್ನು ಬೈದು ಪ್ರಯೋಜನವಿಲ್ಲ. ಯಂತ್ರ ಹೊರಗೆ ಹೋಗಬೇಕಾದರೆ ಎರಡು ಸಂಗತಿ ಕಾಗದದ ಮೇಲೆ ಇರಬೇಕು. ಹೊರಗೆ ಕೊಡಬಹುದು ಎಂಬ ಮಾತು ಒಂದು. ಕೆಟ್ಟರೆ ಯಾರು ನೋಡಿಕೊಳ್ಳುತ್ತಾರೆ ಎಂಬುದು ಇನ್ನೊಂದು. ಎರಡನೆಯದನ್ನು ವಾರಂಟಿಯೂ ವಿಮೆಯೂ ಮೊದಲೇ ಹೇಳಿದ್ದವು. ಮೊದಲನೆಯದು ಜೂನ್‌ನಲ್ಲಿ ಬಂತು. ಕಂಪ್ಯೂಟರ್ ಶಿಕ್ಷಣದ ಯೋಜನೆಗಳಲ್ಲಿ ಎಷ್ಟು ಯಂತ್ರ ಕೊಂಡರು ಅಂತ ಎಲ್ಲರೂ ಎಣಿಸುತ್ತಾರೆ. ವಿಮೆಯ ಷರತ್ತು ಓದುವವರು ಯಾರೂ ಇಲ್ಲ. ಓದಲು ಬೇಜಾರು, ನಿಜ.

ಆದರೆ ಇಲ್ಲೇ ಒಂದು ವಿಚಿತ್ರವೂ ಆಯಿತು. ಲ್ಯಾಪ್‌ಟಾಪ್‌ಗಳನ್ನು ಹೊರಗೆ ಬಿಟ್ಟದ್ದು ಯಾಕೆ? ಫಸ್ಟ್ ಬೆಲ್ ತೋರಿಸಲು. ಕೇಂದ್ರದಲ್ಲಿ ಹತ್ತಿಪ್ಪತ್ತು ಮಕ್ಕಳು, ಎದುರಿಗೆ ಒಂದು ಪರದೆ. ಪಾಠ ಡೌನ್‌ಲೋಡ್ ಮಾಡಿಕೊಂಡು ಬಂದು ಓಡಿಸುವುದು. ಅಂದರೆ ಕಂಪ್ಯೂಟರ್ ಕಲಿಸಬಲ್ಲ ಯಂತ್ರವೇ ಟಿವಿಯ ಕೆಲಸ ಮಾಡಿತು. ಮಕ್ಕಳ ಬೆರಳು ಕೀಬೋರ್ಡಿನ ಮೇಲೆ ಬೀಳಬೇಕು ಎಂಬುದು ಆ ಹೊತ್ತಿನಲ್ಲಿ ಯಾರ ಆದ್ಯತೆಯೂ ಆಗಿರಲಿಲ್ಲ. ತಪ್ಪು ಅಂತ ಹೇಳಲಾರೆ, ಆಗಿನ ತುರ್ತು ಹಾಗಿತ್ತು. ಆದರೆ ಸಂಜೆ ಐದೂವರೆಯ ನಂತರ ಆ ಯಂತ್ರ ಸುಮ್ನೆ ಕೂತಿರುತ್ತಿತ್ತಲ್ಲ, ಆ ಎರಡು ತಾಸನ್ನು ಯಾಕೆ ಬಿಟ್ಟರು ಎಂಬ ಪ್ರಶ್ನೆ ಮಾತ್ರ ನನಗೆ ಹೋಗುವುದಿಲ್ಲ.

ಫೋನಿನಲ್ಲಿ ಉಳಿದದ್ದು, ಉದುರಿದ್ದು

ಆಗಿನ ಹತ್ತನೇ ತರಗತಿಯ ಐಸಿಟಿ, ಅಂದರೆ ಕಂಪ್ಯೂಟರ್ ವಿಷಯದ, ಪುಸ್ತಕವನ್ನೇ ಎದುರಿಗೆ ಇಟ್ಟುಕೊಂಡು ನೋಡಿ. ಈ ಪುಸ್ತಕ ಕನ್ನಡದಲ್ಲೂ ಇತ್ತು, ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಓದುತ್ತಿದ್ದದ್ದು ಅದನ್ನೇ. ಮೊದಲ ಪಾಠ ಇಂಕ್‌ಸ್ಕೇಪ್‌ನಲ್ಲಿ ವಿನ್ಯಾಸ. ಆಮೇಲೆ ಲಿಬ್ರೆ ಆಫೀಸಿನಲ್ಲಿ ಸ್ಟೈಲು, ವಿಷಯಸೂಚಿ, ಮೇಲ್ ಮರ್ಜ್. ವೆಬ್ ಪುಟದ ಅಂದಚಂದ. ಪೈಥಾನ್‌ನಲ್ಲಿ ಚಿತ್ರ ಬಿಡಿಸುವುದು. ನೆಟ್‌ವರ್ಕ್. ಕ್ಯೂಜಿಐಎಸ್‌ನಲ್ಲಿ ನಕ್ಷೆ ಓದುವುದು. ಸಿನ್‌ಫಿಗ್‌ನಲ್ಲಿ ಆನಿಮೇಷನ್. ಡೇಟಾಬೇಸ್. ಒಳ್ಳೆಯ ಪುಸ್ತಕ. ನಮ್ಮ ಎಷ್ಟೋ ಡಿಪ್ಲೊಮಾ ಕೋರ್ಸುಗಳಿಗಿಂತ ರುಚಿಯಾಗಿದೆ.

ಇದನ್ನು ಟಿವಿಯಲ್ಲಿ ಕಲಿಸಿದರು. ಮೌಸಿನ ಬಾಣ ಪರದೆಯ ಮೇಲೆ ಓಡುತ್ತದೆ, ಹಿಂದೆ ಟೀಚರ ದನಿ. ಅರ್ಧ ಗಂಟೆ. ಆಮೇಲೆ ಬೇರೆ ವಿಷಯ ಬರುತ್ತದೆ. ಮುಂದಿನ ಕೆಲಸ ವಾಟ್ಸ್ಆ್ಯಪ್ ಗುಂಪಿನಲ್ಲಿ. ಮನೆಗೆ ಒಂದೇ ಫೋನ್ ಇದ್ದರೆ ಅದು ಹಗಲು ಅಪ್ಪನ ಜೊತೆ ಕೆಲಸಕ್ಕೆ ಹೋಗುತ್ತದೆ. ರಾತ್ರಿ ಬಂದ ಮೇಲೆ ಅಣ್ಣನ ಪಾಳಿ, ತಂಗಿಯ ಪಾಳಿ.

ಫೋನ್ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ಅದರಲ್ಲಿ ಏನು ಮಾಡಬಹುದು? ಜಿಯೋಜಿಬ್ರಾಗೆ ಆ್ಯಪ್ ಇದೆ. ಪೈಥಾನನ್ನು ಕಷ್ಟಪಟ್ಟು ಫೋನಿನಲ್ಲೂ ಬರೆಯಬಹುದು, ಸಾಲಿನ ಆರಂಭದ ಜಾಗ ಬಿಡುವುದರಲ್ಲೇ ಅರ್ಧ ಜೀವ ಹೋದರೂ. ನೆಟ್‌ವರ್ಕ್ ಪಾಠದ ಸಿದ್ಧಾಂತ ಓದಬಹುದು. ಇಂಕ್‌ಸ್ಕೇಪ್, ಕ್ಯೂಜಿಐಎಸ್, ಸಿನ್‌ಫಿಗ್ ಪಾಠಗಳು ಫೋನಿನಲ್ಲಿ ನಡೆಯುವಂಥವಲ್ಲ. ಡೇಟಾಬೇಸ್ ಕೂಡ ಹಾಗೆಯೇ. ಅಂದರೆ ಬಡ ಮನೆಯ ಮಗುವಿಗೆ ಪುಸ್ತಕದ ಯಾವ ಪಾಠ ಉಳಿಯಿತು, ಯಾವುದು ಉದುರಿತು ಎಂಬುದನ್ನು ತೀರ್ಮಾನಿಸಿದ್ದು ಪಠ್ಯ ಸಮಿತಿಯಲ್ಲ, ಅಪ್ಪನ ಫೋನು. ಮನೆಯಲ್ಲಿ ಲ್ಯಾಪ್‌ಟಾಪ್ ಇದ್ದ ಸಹಪಾಠಿ ಅದೇ ಟಿವಿ ಪಾಠ ನೋಡಿ, ಪಕ್ಕದಲ್ಲೇ ಇಂಕ್‌ಸ್ಕೇಪ್ ತೆರೆದು ಮಾಡಿ ನೋಡುತ್ತಿದ್ದ. ಸಮೀಕರಣದ ಪಾಠದಲ್ಲಿ ಈ ಇಬ್ಬರ ನಡುವೆ ಇಷ್ಟು ಅಂತರ ಬೀಳುವುದಿಲ್ಲ.

ಕಾಸರಗೋಡಿನ ಮಕ್ಕಳಿಗೆ ಇನ್ನೂ ಒಂದು ತೊಡಕು ಇತ್ತು. ಮಲಯಾಳಂ ಪಾಠಗಳು ಕೇಬಲ್, ಡಿಟಿಎಚ್ ಮೂಲಕ ಮನೆಮನೆಗೆ ಬಂದವು. ಕನ್ನಡ ಮಾಧ್ಯಮದ ಫಸ್ಟ್ ಬೆಲ್ ಪಾಠಗಳನ್ನು ಅಲ್ಲಿನ ಟೀಚರುಗಳೇ ಸಿದ್ಧಮಾಡಿದರು. ಅವು ಮುಖ್ಯವಾಗಿ ಸಿಕ್ಕಿದ್ದು ಕೈಟ್ ಕಾಸರಗೋಡಿನ ಯೂಟ್ಯೂಬ್ ಚಾನೆಲ್‌ನಲ್ಲಿ. ಪಾಲಕ್ಕಾಡಿನ ಕಡೆಯ ತಮಿಳು ಮಕ್ಕಳಿಗೂ ಇದೇ ಥರದ ಏರ್ಪಾಡು. ಯೂಟ್ಯೂಬ್ ಅಂದರೆ ಡೇಟಾ. ಟಿವಿ ಮಾತ್ರ ಇರುವ ಮನೆಗೆ ಯೂಟ್ಯೂಬ್ ಬರುವುದಿಲ್ಲ. ಭಾಷೆ ಅಲ್ಪಸಂಖ್ಯಾತರದ್ದಾದರೆ ಖರ್ಚು ಜಾಸ್ತಿ ಎಂಬುದು ಗಡಿನಾಡಿನವರಿಗೆ ಹೊಸತೇನಲ್ಲ ಬಿಡಿ.

ತಿಂಗಳಿಗೆ ಐನೂರು

ಮನೆಗೇ ಲ್ಯಾಪ್‌ಟಾಪ್ ತಲುಪಿಸುವ ಪ್ರಯತ್ನವೂ ನಡೆಯಿತು. ಕೆಎಸ್‌ಎಫ್‌ಇ ಮತ್ತು ಕುಟುಂಬಶ್ರೀ ಸೇರಿ 'ವಿದ್ಯಾಶ್ರೀ' ಎಂಬ ಯೋಜನೆ ಮಾಡಿದವು. ಕುಟುಂಬಶ್ರೀ ಅಂದರೆ ನಮ್ಮ ಸ್ತ್ರೀಶಕ್ತಿ ಸಂಘಗಳ ಥರದ್ದೇ ಮಹಿಳೆಯರ ದೊಡ್ಡ ಜಾಲ. ತಿಂಗಳಿಗೆ 500 ರೂಪಾಯಿಯಂತೆ 30 ತಿಂಗಳು ಕಟ್ಟುವುದು. ಒಟ್ಟು 15,000. ಮೂರು ಕಂತು ಕಟ್ಟಿದವರಿಗೆ ಲ್ಯಾಪ್‌ಟಾಪ್. ಕಾಗದದ ಮೇಲೆ ಚೆನ್ನಾಗಿತ್ತು. ಸಂಘದ ಹೆಂಗಸರಿಗೆ ಚಿಟ್ಟಿಯ ಲೆಕ್ಕ ನೀರು ಕುಡಿದಷ್ಟು ಸುಲಭ, ಕಂತು ತಪ್ಪುವವರೂ ಕಡಿಮೆ.

ಕೈಕೊಟ್ಟದ್ದು ಪೂರೈಕೆ. ಕೋವಿಡ್ ಕಾಲದಲ್ಲಿ ಜಗತ್ತಿನಲ್ಲೆಲ್ಲ ಚಿಪ್‌ಗೆ ಬರ, ಲ್ಯಾಪ್‌ಟಾಪ್‌ಗೆ ಬರ. 15,000 ರೂಪಾಯಿಯ ಒಳಗೆ ಲಕ್ಷಗಟ್ಟಲೆ ಯಂತ್ರ ಕೊಡುವ ಕಂಪನಿ ಎಲ್ಲಿಂದ ತರಬೇಕು? 2020ರ ಮಧ್ಯದಲ್ಲಿ ಹೇಳಿದ ಯೋಜನೆಯ ಮೊದಲ ಲ್ಯಾಪ್‌ಟಾಪ್‌ಗಳು ಬಂದದ್ದು 2021ರಲ್ಲಿ. ಬಂದವುಗಳಲ್ಲಿ ಕೆಲವದರ ಗುಣಮಟ್ಟದ ಬಗ್ಗೆ ದೂರು. ಕೊನೆಗೆ, ನೀವೇ ಅಂಗಡಿಯಲ್ಲಿ ಕೊಂಡು ಬಿಲ್ ತನ್ನಿ, 20,000ದವರೆಗೆ ಸಾಲ ಕೊಡುತ್ತೇವೆ ಎಂಬಲ್ಲಿಗೆ ಬಂದು ನಿಂತಿತು. ಅಷ್ಟರಲ್ಲಿ ಒಂದು ಶಾಲಾ ವರ್ಷವೇ ಮುಗಿದಿತ್ತು. ಈ ಕೊನೆಯ ಉಪಾಯವನ್ನೇ ಮೊದಲು ಮಾಡಿದ್ದರೆ? ಒಂದೇ ಬಗೆಯ ಯಂತ್ರವನ್ನು ಒಟ್ಟಿಗೆ ಕೊಂಡರೆ ಅಗ್ಗ ಎಂಬ ಲೆಕ್ಕ ಸಾಮಾನ್ಯ ದಿನಗಳಲ್ಲಿ ಸರಿ. ಅಭಾವದ ದಿನಗಳಲ್ಲಿ ಊರಿನ ಅಂಗಡಿಯಲ್ಲಿ ಇರುವ ಒಂದೊಂದೇ ಯಂತ್ರವೂ ಬೇಗ ಮನೆ ಸೇರುತ್ತದೆ.

ಎರಡನೇ ಅಲೆ ಬಂದಾಗ ಪರೀಕ್ಷೆಯ ಪ್ರಶ್ನೆ ಎದ್ದಿತು. 2021ರ ಎಸ್‌ಎಸ್‌ಎಲ್‌ಸಿ ಬರಹದ ಪರೀಕ್ಷೆಗಳು ಏಪ್ರಿಲ್ 29ಕ್ಕೆ ಹೇಗೋ ಮುಗಿದವು. ಮೇ ತಿಂಗಳಲ್ಲಿ ನಡೆಯಬೇಕಿದ್ದ ಐಟಿ, ಅಂದರೆ ಇದೇ ಕಂಪ್ಯೂಟರ್ ವಿಷಯದ, ಪ್ರಾಕ್ಟಿಕಲ್ ಮೊದಲು ಮುಂದೆ ಹೋಯಿತು, ಆಮೇಲೆ ರದ್ದಾಯಿತು. ಒಂದೇ ಕೀಬೋರ್ಡನ್ನು ನೂರು ಮಕ್ಕಳು ಮುಟ್ಟುವ ಪರೀಕ್ಷೆ, ಬೇರೆ ದಾರಿ ಇರಲಿಲ್ಲ. ವರ್ಷದ ಬಹುಪಾಲು ಲ್ಯಾಬ್ ಕಾಣದೆ ಕಳೆದ ಮಕ್ಕಳಿಗೆ ಅದು ಸಮಾಧಾನವೂ ಆಗಿರಬೇಕು. ಮನೆಯಲ್ಲಿ ಕಂಪ್ಯೂಟರ್ ಇದ್ದವರು, ಇಲ್ಲದವರು ಎಂಬ ಅಂತರ ಅಂಕಪಟ್ಟಿಯಲ್ಲಿ ಕಾಣದೇ ಹೋಯಿತು. ಕಾಣದೇ ಹೋಯಿತು ಅಷ್ಟೇ, ಹೋಗಲಿಲ್ಲ.

2021ರ ಜೂನ್‌ನಲ್ಲಿ ಎರಡನೇ ವರ್ಷದ ಟಿವಿ ಪಾಠ ಶುರುವಾಯಿತು. ಈ ಸಲ ಯೋಚನೆ ಬದಲಾಗಿತ್ತು. ಟೀಚರೂ ಮಕ್ಕಳೂ ನೇರವಾಗಿ ಮಾತಾಡುವ ಆನ್‌ಲೈನ್ ತರಗತಿ ಬೇಕು, ಅದಕ್ಕೆ ಪ್ರತಿ ಮಗುವಿಗೂ ಸಾಧನ ಬೇಕು ಎಂದಾಯಿತು. ಹೈಕೋರ್ಟ್ ಕೂಡ ಮಧ್ಯೆ ಬಂದು, ಸಾಧನ ಇಲ್ಲದ ಮಕ್ಕಳು ತಮ್ಮ ಅಗತ್ಯ ತಿಳಿಸಲು ಒಂದು ವೆಬ್‌ಸೈಟ್ ಮಾಡಿ ಎಂದಿತು. ಹುಟ್ಟಿದ್ದು 'ವಿದ್ಯಾಕಿರಣಂ'. ಸಾಧನ ಬೇಕಾದ ಮಕ್ಕಳ ಲೆಕ್ಕ ಸುಮಾರು 4.7 ಲಕ್ಷ. ಹಿಂದಿನ ವರ್ಷದ 2.6 ಲಕ್ಷ ಈಗ ಹೆಚ್ಚಾದದ್ದು ಯಾಕೆ? ಬಡತನ ಒಂದೇ ವರ್ಷದಲ್ಲಿ ಅಷ್ಟು ಬೆಳೆಯಿತು ಅಂತಲ್ಲ. ಮೊದಲ ಸಲ ಕೇಳಿದ್ದು ಟಿವಿಯಾದರೂ ಇದೆಯಾ ಅಂತ. ಎರಡನೇ ಸಲ ಕೇಳಿದ್ದು ಮಗುವಿನ ಕೈಯಲ್ಲಿ ಏನಿದೆ ಅಂತ.

ವಿದ್ಯಾಕಿರಣಂನ ಮೊದಲ ಹಂತದಲ್ಲಿ 45,313 ಹೊಸ ಲ್ಯಾಪ್‌ಟಾಪ್‌ಗಳನ್ನು ಕೈಟ್ ಕೊಟ್ಟಿತು. ಪರಿಶಿಷ್ಟ ಪಂಗಡದ ಮಕ್ಕಳಿಗೆ ಮೊದಲ ಆದ್ಯತೆ. ಶಾಲೆಯ ಮೂಲಕವೇ ಕೊಟ್ಟರು, ಅದೇ ಗ್ನೂ/ಲಿನಕ್ಸ್ ಹಾಕಿ ಕೊಟ್ಟರು. ಕಾಡಂಚಿನ ಹಾಡಿಯ ಮಗುವಿನ ಮನೆಯಲ್ಲಿ ಮೊದಲ ಸಲ ಇಂಕ್‌ಸ್ಕೇಪ್ ಇರುವ ಯಂತ್ರ ಬಂತು. ಇಂಟರ್‌ನೆಟ್ ಸಿಗದ ಕಡೆಯೂ ಈ ಪಾಠ ನಡೆಯುತ್ತದೆ, ಯಾಕೆಂದರೆ ಎಲ್ಲ ತಂತ್ರಾಂಶ ಒಳಗೇ ಇದೆ. ಬೇಸರದ ಮಾತೆಂದರೆ ಹೊತ್ತು. 2021ರ ನವೆಂಬರ್ 1ಕ್ಕೆ ಕೇರಳದ ಶಾಲೆಗಳು ಮತ್ತೆ ತೆರೆದವು. ಶಾಲೆ ಮುಚ್ಚಿದ್ದ ಕಾಲಕ್ಕೆ ಅಂತ ಯೋಚಿಸಿದ ಲ್ಯಾಪ್‌ಟಾಪ್‌ಗಳು ಬಂದದ್ದು ಶಾಲೆ ತೆರೆಯುವ ಹೊತ್ತಿಗೆ.

ಗಡಿಯ ಈಚೆ

ಕರ್ನಾಟಕದಲ್ಲಿ ಅದೇ ಕಾಲದಲ್ಲಿ ಏನಾಯಿತು ಎಂದು ಒಂದು ಮಾತು. 2020ರ ಜುಲೈ 20ರಿಂದ ಎಂಟರಿಂದ ಹತ್ತನೇ ತರಗತಿಗೆ ಚಂದನ ವಾಹಿನಿಯಲ್ಲಿ 'ಸಂವೇದ' ಪಾಠಗಳು ಬಂದವು. ಆಗಸ್ಟ್‌ನಲ್ಲಿ 'ವಿದ್ಯಾಗಮ' ಶುರುವಾಯಿತು. ಟೀಚರುಗಳು ಊರಿಗೇ ಹೋಗಿ ದೇವಸ್ಥಾನದ ಜಗಲಿ, ಮರದ ನೆರಳು, ಸಮುದಾಯ ಭವನದಲ್ಲಿ ಪಾಠ ಮಾಡಿದರು. ನೂರಕ್ಕೆ 8 ಮನೆಗಳಲ್ಲಿ ಇಂಟರ್‌ನೆಟ್ ಇರುವ ಕಡೆ ಅದು ಟಿವಿಗಿಂತ ಒಳ್ಳೆಯ ಯೋಚನೆಯೇ. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ನಿಂತುಹೋಯಿತು. ಆದರೆ ಈ ಎರಡರಲ್ಲೂ ಕಂಪ್ಯೂಟರ್ ಎಲ್ಲಿತ್ತು ಅಂತ ಕೇಳಿದರೆ ಉತ್ತರ ಸಿಗುವುದು ಕಷ್ಟ. ನಮ್ಮ ಎಸ್‌ಎಸ್‌ಎಲ್‌ಸಿಯ ಆರು ವಿಷಯಗಳಲ್ಲಿ ಅದು ಇಲ್ಲ. ಪರೀಕ್ಷೆಯಲ್ಲಿ ಇಲ್ಲದ ವಿಷಯವನ್ನು ಆಪತ್ತಿನ ಕಾಲದಲ್ಲಿ ಯಾರೂ ಹೊತ್ತುಕೊಂಡು ಓಡುವುದಿಲ್ಲ. ಕೇರಳದಲ್ಲಿ ಐಟಿಗೆ 50 ಅಂಕ, ಥಿಯರಿಯೂ ಕಂಪ್ಯೂಟರಿನ ಮೇಲೆಯೇ. ಪರೀಕ್ಷೆ ಎಂದರೆ ನನಗೆ ಅಷ್ಟೇನೂ ಪ್ರೀತಿ ಇಲ್ಲ. ಆದರೂ ಒಪ್ಪಿಕೊಳ್ಳಬೇಕು, ಆ 50 ಅಂಕ ಇದ್ದದ್ದರಿಂದಲೇ ಅಲ್ಲಿ ಟಿವಿಯಲ್ಲಾದರೂ ಇಂಕ್‌ಸ್ಕೇಪ್ ಬಂತು.

ಈ ಪ್ರಕರಣದಲ್ಲಿ ಯಾರಿಗೆ ಎಷ್ಟು ನಷ್ಟವಾಯಿತು ಎಂದು ಫಲಿತಾಂಶ ನೋಡಿ ಹೇಳಲು ಆಗುವುದಿಲ್ಲ. ಕೇರಳದ ಎಸ್‌ಎಸ್‌ಎಲ್‌ಸಿ ಫಲಿತಾಂಶ 2021ರಲ್ಲಿ ಶೇ 99.47, 2022ರಲ್ಲಿ ಶೇ 99.26. ಹೆಚ್ಚುಕಡಿಮೆ ಎಲ್ಲರೂ ಪಾಸು. ನೋಡಬೇಕಾದ್ದು 2022ರ ಆ ಹತ್ತನೇ ತರಗತಿಯವರನ್ನೇ. ಅವರು ಎಂಟನೇ ತರಗತಿಯ ಕೊನೆಯಲ್ಲಿದ್ದಾಗ ಲ್ಯಾಬಿಗೆ ಬೀಗ ಬಿತ್ತು. ಒಂಬತ್ತನೇ ತರಗತಿ ಪೂರ್ತಿ ಟಿವಿಯಲ್ಲಿ ಹೋಯಿತು. ಹತ್ತನೆಯ ಮೊದಲ ಐದು ತಿಂಗಳೂ ಹಾಗೆಯೇ. ನವೆಂಬರ್‌ನಲ್ಲಿ ಲ್ಯಾಬ್ ತೆರೆದಾಗ ಸಿಕ್ಕ ಕೆಲವೇ ತಿಂಗಳಲ್ಲಿ ಪುಸ್ತಕದ ಪಾಠಗಳನ್ನು ಕೈಯಿಂದ ಮಾಡಿ ನೋಡಬೇಕಿತ್ತು, ಬೇರೆ ವಿಷಯಗಳ ಓಟದ ನಡುವೆ. 2022ರ ಮೇ ತಿಂಗಳ ಮೊದಲಲ್ಲಿ ಅವರೆಲ್ಲ ಐಟಿ ಪ್ರಾಕ್ಟಿಕಲ್ ಬರೆದರು. ಮನೆಯಲ್ಲಿ ಎರಡು ವರ್ಷ ಲ್ಯಾಪ್‌ಟಾಪ್ ಇದ್ದವರೂ, ಅದೇ ನವೆಂಬರ್‌ನಲ್ಲಿ ಮತ್ತೆ ಮೌಸ್ ಹಿಡಿದವರೂ, ಒಂದೇ ಪರೀಕ್ಷೆಯನ್ನು.